ತಾಳಗುಂದದ ಕಲ್ಲು, ಬೆಳ್ಳಿತೆರೆಯ ಮಯೂರ

ನಮ್ಮ ನಾಡನ್ನಾಳಿದ ಅರಸರಲ್ಲಿ ಹೆಸರಾಗಿ ಉಳಿದವರು ಅನೇಕರು. ಮುಖವಾಗಿ ಉಳಿದವರು ಬಹು ಕಡಮೆ. ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ, ಶ್ರೀಕೃಷ್ಣದೇವರಾಯ, ಮಯೂರ—ಈ ನಾಲ್ವರ ಹೆಸರನ್ನು ಹೇಳಿದೊಡನೆ ಕನ್ನಡಿಗನ ಕಣ್ಣಮುಂದೆ ಬಂದು ನಿಲ್ಲುವ ಮುಖ ಒಂದೇ. ಅದು ರಾಜಕುಮಾರರ ಮುಖ. 1960, 1967, 1970, 1975—ಹದಿನೈದೇ ವರ್ಷಗಳಲ್ಲಿ ತೆರೆಗೆ ಬಂದ ನಾಲ್ಕು ಚಿತ್ರಗಳು ನಾಲ್ಕನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗಿನ ಅರಸರಿಗೆ ಒಂದೇ ಮೂಗನ್ನೂ ಒಂದೇ ಕಂಠವನ್ನೂ ಹಂಚಿಬಿಟ್ಟುವು. ಕೃಷ್ಣದೇವರಾಯನ ಕಂಚಿನ ಪ್ರತಿಮೆ ತಿರುಮಲೆಯ ದೇವಾಲಯದಲ್ಲಿದೆ. ಅವನನ್ನು ಕಣ್ಣಾರೆ ಕಂಡ ಪೋರ್ತುಗೀಸ್ ಪ್ರವಾಸಿ ಪಾಯೆಸ್, ಅರಸ ನಡುವೆತ್ತರದವನು, ತೆಳ್ಳಗಿರುವುದಕ್ಕಿಂತ ತುಸು ದಪ್ಪನೆಯವನು, ಮುಖದ ಮೇಲೆ ಸಿಡುಬಿನ ಕಲೆಗಳುಂಟು ಎಂದು ಬರೆದಿಟ್ಟಿದ್ದಾನೆ. ಇಷ್ಟು ಸಾಕ್ಷ್ಯವಿದ್ದೂ ಪ್ರಯೋಜನವಿಲ್ಲ. ಸಿಡುಬಿನ ಕಲೆಯ ಕೃಷ್ಣದೇವರಾಯನನ್ನು ನಮ್ಮಲ್ಲಿ ಯಾರೂ ಒಪ್ಪಲಾರರು.

ಇದಕ್ಕಾಗಿ ಚಲನಚಿತ್ರದ ಮೇಲೆ ಸಿಟ್ಟಾಗುವುದು ಚರಿತ್ರೆಯ ಪಂಡಿತರ ಹಳೆಯ ಚಾಳಿ. ನನಗೆ ಆ ಸಿಟ್ಟಿಲ್ಲ. ನಾಟಕಕಾರನಾಗಲಿ ಕಾದಂಬರಿಕಾರನಾಗಲಿ ಚಿತ್ರನಿರ್ಮಾಪಕನಾಗಲಿ ಶಾಸನಕ್ಕೆ ಟೀಕೆ ಬರೆಯಲು ಹೊರಟವನಲ್ಲ. ಅವನು ಸೇರಿಸಿದ್ದೇನು, ಬಿಟ್ಟದ್ದೇನು ಎಂಬ ಲೆಕ್ಕವನ್ನು ತಪ್ಪು ಹುಡುಕುವುದಕ್ಕಾಗಿ ಅಲ್ಲದೆ ಬೇರೊಂದು ಉದ್ದೇಶದಿಂದ ಮಾಡಬಹುದು. ಒಂದು ಕಾಲದ ಜನ ತಮ್ಮ ಪೂರ್ವಿಕನಲ್ಲಿ ಏನನ್ನು ಕಾಣಲು ಬಯಸಿದರು, ಏನನ್ನು ಕಾಣಲು ಹಿಂಜರಿದರು ಎಂಬುದು ಆ ಲೆಕ್ಕದಿಂದ ಗೊತ್ತಾಗುತ್ತದೆ. ಈ ದೃಷ್ಟಿಯಿಂದ ನಾಲ್ಕು ಚಿತ್ರಗಳಲ್ಲಿ ‘ಮಯೂರ’ದಷ್ಟು ಕುತೂಹಲಕರವಾದುದು ಇನ್ನೊಂದಿಲ್ಲ. ಏಕೆಂದರೆ ಇಲ್ಲಿ ಮೂಲವೆಂದು ಕೈಗೆ ಸಿಗುವುದು ಮುಖ್ಯವಾಗಿ ಒಂದೇ ಒಂದು ಕಲ್ಲು. ಹೋಲಿಸಿ ನೋಡುವುದು ಸುಲಭ.

ಆ ಕಲ್ಲು ಇರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಹಳೆಯ ಹೆಸರು ಸ್ಥಾಣಕುಂದೂರು. ಅಲ್ಲಿಯ ಪ್ರಣವೇಶ್ವರ ಗುಡಿಯ ಮುಂದೆ ಒಂದು ಎಂಟು ಮೂಲೆಯ ಕಂಬ. ಅದರ ಮೈಮೇಲೆ ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗುವಂತೆ ಸಾಲುಗಳನ್ನು ಕೆತ್ತಿದ್ದಾರೆ. ಅಕ್ಷರಗಳ ತಲೆಯಲ್ಲಿ ಪುಟ್ಟ ಪೆಟ್ಟಿಗೆಗಳಿಟ್ಟಂಥ ಅಂದವಾದ ಬರಹ. ಬಿ. ಎಲ್. ರೈಸರು ಇದನ್ನು ಪತ್ತೆಮಾಡಿ ತಮ್ಮ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು, ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಮತ್ತೊಮ್ಮೆ ಸಂಪಾದಿಸಿದ. ಭಾಷೆ ಸಂಸ್ಕೃತ. ಮೂವತ್ತನಾಲ್ಕು ಪದ್ಯಗಳು. ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಕಾಲ ಐದನೆಯ ಶತಮಾನದ ನಡುಭಾಗ, ಕದಂಬರ ಶಾಂತಿವರ್ಮನ ಆಳ್ವಿಕೆ. ಸಂದರ್ಭವೇನೋ ಬಹು ಸಾಧಾರಣವಾದುದು: ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಆ ಶಿವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದ್ದನು. ಕೆರೆಯ ನೆಪದಲ್ಲಿ ವಂಶದ ಕಥೆ.

ಆ ಕಥೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಾನವ್ಯ ಗೋತ್ರದ, ಹಾರಿತೀಪುತ್ರರೆನಿಸಿದ ಒಂದು ಬ್ರಾಹ್ಮಣ ಕುಟುಂಬ. ಮನೆಯ ಹತ್ತಿರ ಕದಂಬ ಮರವೊಂದಿದ್ದು ಅದನ್ನು ಅಕ್ಕರೆಯಿಂದ ಸಲಹಿದುದರಿಂದ ಅವರಿಗೆ ಕದಂಬರೆಂದು ಹೆಸರಾಯಿತು. ಆ ಮನೆಯ ಹುಡುಗ ಮಯೂರಶರ್ಮ, ಗುರು ವೀರಶರ್ಮನೊಡನೆ ವಿದ್ಯೆಯನ್ನು ಪೂರೈಸಲೆಂದು ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಅಲ್ಲಿಯ ಘಟಿಕಾಸ್ಥಾನವನ್ನು ಸೇರಿದ. ವಿದ್ಯಾರ್ಥಿ, ಬೇಡಿ ಉಣ್ಣುವವನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಜಗಳವಾಯಿತು. ಜಗಳ ಏತಕ್ಕೆಂದು ಕುಬ್ಜ ವಿವರಿಸುವುದಿಲ್ಲ. ದಾರಿ ಬಿಡಲಿಲ್ಲವೋ, ಕುದುರೆಯ ಧೂಳು ಮಡಿಬಟ್ಟೆಯ ಮೇಲೆ ಬಿತ್ತೋ, ಯಾರಿಗೆ ಗೊತ್ತು. ಆದರೆ ಹುಡುಗನ ಮನಸ್ಸಿನಲ್ಲಿ ಎದ್ದ ಯೋಚನೆಯನ್ನು ಮಾತ್ರ ಕವಿ ಬಿಡಿಸಿ ಹೇಳುತ್ತಾನೆ: ಈ ಕಲಿಯುಗದಲ್ಲಿ ಕ್ಷಾತ್ರದ ಮುಂದೆ ಬ್ರಾಹ್ಮಣ್ಯ ಇಷ್ಟು ದುರ್ಬಲವಾಯಿತೆ, ಗುರುಕುಲದಲ್ಲಿ ಸೇವೆಮಾಡಿ ವೇದಶಾಖೆಯನ್ನು ಕಷ್ಟಪಟ್ಟು ಕಲಿತರೂ ಅದರ ಸಿದ್ಧಿ ಅರಸನ ಕೈಯಲ್ಲಿರುವುದಾದರೆ ಇದಕ್ಕಿಂತ ದುಃಖವಾವುದು?

ಆಮೇಲೆ ದರ್ಭೆ, ಸಮಿತ್ತು, ಸ್ರುವಗಳನ್ನು ಹಿಡಿದು ಪಳಗಿದ ಕೈ ಕತ್ತಿಯನ್ನು ಹಿಡಿಯಿತು. ಮಯೂರಶರ್ಮ ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ, ಎಂದರೆ ಇಂದಿನ ಶ್ರೀಶೈಲದ, ಬಾಗಿಲವರೆಗೆ ಹಬ್ಬಿದ್ದ ದುರ್ಗಮವಾದ ಕಾಡನ್ನು ಹಿಡಿದು ಕುಳಿತ. ಬೃಹದ್ಬಾಣರೇ ಮೊದಲಾದ ಅರಸರಿಂದ ಕಪ್ಪ ವಸೂಲು ಮಾಡಿದ. ಕಂಚಿಯ ಸೈನ್ಯ ಮೇಲೆ ಬಂದಾಗ ರಾತ್ರಿಯ ಹೊತ್ತಿನಲ್ಲಿ, ಇಕ್ಕಟ್ಟಾದ ಎಡೆಗಳಲ್ಲಿ ಹೊಂಚುಹಾಕಿ ಹೊಡೆದ. ಕೊನೆಗೆ ಪಲ್ಲವರು, ಇಂಥವನನ್ನು ಅಳಿಸುವುದಕ್ಕಿಂತ ಗೆಳೆಯನನ್ನಾಗಿ ಮಾಡಿಕೊಳ್ಳುವುದೇ ಲೇಸೆಂದು ಕಂಡರು. ಅವನೂ ಒಪ್ಪಿದ. ಪಲ್ಲವರ ಊಳಿಗಕ್ಕೆ ಸೇರಿ, ಅವರ ಕಾಳಗಗಳಲ್ಲಿ ಪರಾಕ್ರಮ ತೋರಿಸಿ, ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡ. ಕುಬ್ಜನಿಗೆ ಇಲ್ಲಿ ಶ್ಲೇಷೆಯ ಆಸೆ ತಡೆಯಲಾಗಿಲ್ಲ. ಪಲ್ಲವವೆಂದರೆ ಚಿಗುರಷ್ಟೆ, ಪಲ್ಲವರು ಚಿಗುರಿನಂಥ ಕೈಗಳಲ್ಲಿ ಹಿಡಿದ ಪಟ್ಟ ಎನ್ನುತ್ತಾನೆ. ಪಡುಗಡಲಿನಿಂದ ಪ್ರೇಹರದವರೆಗಿನ ನೆಲ, ಬೇರೆ ಯಾರೂ ಒಳಗೆ ಕಾಲಿಡಬಾರದೆಂಬ ಕಟ್ಟುಪಾಡಿನೊಡನೆ, ಅವನದಾಯಿತು. ಕಥೆ ಇಷ್ಟೇ.

ಇಷ್ಟೇ ಎಂದೆನಾದರೂ ಈ ಕಥೆ ನನಗೆ ಪ್ರತಿಸಲವೂ ಬೆರಗು ತರುತ್ತದೆ. ಶಾಂತಿವರ್ಮನ ಹೊತ್ತಿಗೆ ಕದಂಬರು ನಾಲ್ಕು ತಲೆಮಾರು ಕಳೆದ ಅರಸುಮನೆತನ. ಗುಪ್ತರೇ ಮೊದಲಾದ ದೊಡ್ಡ ದೊಡ್ಡ ರಾಜವಂಶಗಳಿಗೆ ಕಾಕುಸ್ಥವರ್ಮ ಹೆಣ್ಣು ಕೊಟ್ಟಿದ್ದಾನೆಂದು ಇದೇ ಕಂಬ ಹೇಳುತ್ತದೆ. ಅಂಥ ಬೀಗತನ ಮಾಡಿದವರು ತಮ್ಮ ಮೂಲಪುರುಷನಿಗೆ ಸೂರ್ಯವಂಶವನ್ನೋ ಚಂದ್ರವಂಶವನ್ನೋ ಕವಿಯಿಂದ ಬರೆಸಿಕೊಳ್ಳಬಹುದಾಗಿತ್ತು; ಆ ವಿದ್ಯೆಯಲ್ಲಿ ಆಸ್ಥಾನಕವಿಗಳಿಗೆ ಬಡತನವಿರಲಿಲ್ಲ. ಕುಬ್ಜ ಷಣ್ಮುಖನನ್ನೂ ಮಾತೃಗಣವನ್ನೂ ಕರೆತಂದು ಮಯೂರನಿಗೆ ಸೇನಾಪತಿಪಟ್ಟದ ಅಭಿಷೇಕ ಮಾಡಿಸಿದ್ದಾನೆ, ನಿಜ. ಅದು ಅಭಿಷೇಕ; ಹುಟ್ಟಲ್ಲ. ಭಿಕ್ಷೆಯ ವಿದ್ಯಾರ್ಥಿ, ಬೀದಿಯ ಜಗಳ, ಅವಮಾನ, ಕೊನೆಗೆ ಹಗೆಯವನ ಊಳಿಗ—ಇದಾವುದನ್ನೂ ಮುಚ್ಚಿಡಬೇಕೆಂದು ಕವಿಗೂ ತೋರಲಿಲ್ಲ, ಅವನ ದೊರೆಗೂ ತೋರಲಿಲ್ಲ. ಇವನ ಮಗ ಕಂಗವರ್ಮನಿಂದ ಮುಂದಕ್ಕೆ ಎಲ್ಲರೂ ‘ವರ್ಮ’ರು, ಇವನೊಬ್ಬ ಮಾತ್ರ ಕಲ್ಲಿನ ಮೇಲೆ ‘ಶರ್ಮ’ನಾಗಿಯೇ ನಿಂತಿದ್ದಾನೆ.

ಈಗ ಚಿತ್ರಕ್ಕೆ ಬರೋಣ. ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’ ಕಾದಂಬರಿಯನ್ನು ಆಧರಿಸಿ, ವಿಜಯ್ ಅವರ ನಿರ್ದೇಶನದಲ್ಲಿ, ಜಿ. ಕೆ. ವೆಂಕಟೇಶರ ಸಂಗೀತದೊಡನೆ 1975ರಲ್ಲಿ ಬಂದ ಚಿತ್ರ ಇದು. ದೇವುಡು 1962ರಲ್ಲೇ ತೀರಿಕೊಂಡಿದ್ದರು. ಬ್ರಾಹ್ಮಣ್ಯ ಎಲ್ಲಿ ಮುಗಿಯುತ್ತದೆ, ಕ್ಷಾತ್ರ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ಆ ಮಹನೀಯರನ್ನು ಬಹುಕಾಲ ಕಾಡಿದ್ದಿರಬೇಕು. ಕ್ಷತ್ರಿಯನಾದ ವಿಶ್ವಾಮಿತ್ರ ಬ್ರಹ್ಮರ್ಷಿಯಾಗುವುದು ಅವರ ‘ಮಹಾಬ್ರಾಹ್ಮಣ’. ನಹುಷನ ಕಥೆ ‘ಮಹಾಕ್ಷತ್ರಿಯ’. ವಿಶ್ವಾಮಿತ್ರ ಏರಿದ ಮೆಟ್ಟಿಲನ್ನೇ ಇಳಿದು ಬಂದು ಕತ್ತಿ ಹಿಡಿದ ಮಯೂರಶರ್ಮನ ಮೇಲೆ ಅವರ ಕಣ್ಣು ಬಿದ್ದುದು ಸಹಜವೇ. ಕಾದಂಬರಿಯ ಗುಣದೋಷಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಚಿತ್ರದಲ್ಲಿ ಮಾತ್ರ ಮೆಟ್ಟಿಲೇ ಮಾಯವಾಗಿದೆ. ಅಲ್ಲಿ ಮಯೂರ ಬ್ರಾಹ್ಮಣರ ಮನೆಯಲ್ಲಿ ಬೆಳೆದವನು. ಹುಟ್ಟಿನಿಂದ ಕದಂಬ ರಾಜಕುಮಾರ. ಪಲ್ಲವರು ಕಿತ್ತುಕೊಂಡ ಸಿಂಹಾಸನ ಮೊದಲಿನಿಂದಲೂ ಅವನದೇ. ಆ ಗುಟ್ಟು ಅವನಿಗೆ ತಿಳಿಯುತ್ತದೆ, ಕಳೆದುದನ್ನು ಮರಳಿ ಪಡೆಯುತ್ತಾನೆ. ಕಲ್ಲಿನ ಮೇಲಿರುವ ಮಯೂರನ ಕಥೆಯಲ್ಲಿ ಹೆಣ್ಣೊಬ್ಬಳಿಲ್ಲ; ಚಿತ್ರಕ್ಕೆ ಪಲ್ಲವ ರಾಜಕುಮಾರಿ ಬೇಕು, ಆ ಪಾತ್ರದಲ್ಲಿ ಮಂಜುಳಾ ಇದ್ದಾರೆ. ಅದನ್ನು ನಾನು ದೊಡ್ಡ ಬದಲಾವಣೆಯೆಂದು ಎಣಿಸುವುದಿಲ್ಲ. ನಾಯಕಿಯಿಲ್ಲದ ಚಿತ್ರಕ್ಕೆ ಹಣ ಹಾಕುವವರಾರು? ದೊಡ್ಡ ಬದಲಾವಣೆ ಹುಟ್ಟಿನದು.

ಶಾಸನ ಪಾಠದ ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗರು ಕಲ್ಲಿನ ಮೇಲೆಯೇ ಸಂದೇಹ ಪಡುತ್ತಾರೆ, ಚಿತ್ರದ ಮೇಲಲ್ಲ. ಅವರನ್ನು ನಾನು ಗದರಿಸುವುದಿಲ್ಲ. ಏಕೆಂದರೆ ಮಯೂರನ ಹುಟ್ಟನ್ನು ತಿದ್ದಿದವರಲ್ಲಿ ಸಿನಿಮಾದವರು ಮೊದಲಿಗರಲ್ಲ. ಬನವಾಸಿಯ ಕದಂಬರ ಆಳ್ವಿಕೆ ಮುಗಿದು ಶತಮಾನಗಳು ಕಳೆದ ಮೇಲೆ ಹಾನಗಲ್ಲಿನಲ್ಲಿ, ಗೋವೆಯಲ್ಲಿ ಅದೇ ಹೆಸರಿನ ಸಾಮಂತರು ತಲೆಯೆತ್ತಿದರು. ಹನ್ನೊಂದು, ಹನ್ನೆರಡನೆಯ ಶತಮಾನಗಳ ಅವರ ಶಾಸನಗಳಲ್ಲಿ ಕಥೆ ಬೇರೆಯೇ ಆಗಿದೆ. ಶಿವನ ಬೆವರ ಹನಿ ಕದಂಬ ಮರದ ಬುಡದಲ್ಲಿ ಬಿದ್ದು ಅಲ್ಲಿ ಹಣೆಗಣ್ಣಿನ ತ್ರಿಲೋಚನ ಕದಂಬ ಹುಟ್ಟಿದನಂತೆ, ಮಯೂರ ಆ ವಂಶದವನಂತೆ, ಹೆಸರೂ ‘ಮಯೂರವರ್ಮ’. ಹದಿನೆಂಟು ಅಶ್ವಮೇಧಗಳು ಅವನ ಲೆಕ್ಕಕ್ಕೆ ಸೇರಿದುವು. ಕರಾವಳಿಯ ಗ್ರಾಮಪದ್ಧತಿಯ ಕಥೆಗಳಲ್ಲಿ ಅವನೇ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದವನಾದ. ತಾನೇ ಭಿಕ್ಷೆಯ ವಟುವಾಗಿದ್ದವನು ಬ್ರಾಹ್ಮಣರಿಗೆ ಊರು ಕೊಟ್ಟ ಅರಸನಾಗಿ ನಿಂತ ಚೋದ್ಯವನ್ನು ನೋಡಿ!

ಹಾನಗಲ್ಲಿನ ಸಾಮಂತನ ಮನಸ್ಸು ಅರ್ಥವಾಗುವಂಥದು. ಚಾಳುಕ್ಯರ ಕೈಕೆಳಗಿನ ಮಾಂಡಲಿಕನಿಗೆ ನೆರೆಹೊರೆಯ ಮಾಂಡಲಿಕರ ಮುಂದೆ ಮೀಸೆ ತಿರುವಲು ಹಣೆಗಣ್ಣಿನ ಅಜ್ಜ ಬೇಕಾಗಿತ್ತು. 1975ರ ಕನ್ನಡಿಗನಿಗೆ ಹುಟ್ಟುಸಿಂಹಾಸನದ ಮಯೂರ ಏಕೆ ಬೇಕಾದ?

ಒಂದು ಕಾರಣ ನಾಡಿನ ಹೆಸರಿಗೆ ಸಂಬಂಧಿಸಿದುದು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಆದರೆ ಹೆಸರು ಮೈಸೂರೆಂದೇ ಉಳಿಯಿತು. ಕರ್ನಾಟಕವೆಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ ಕಾಲದಿಂದ ನಾವು ಹುಡುಕುತ್ತಿದ್ದುದು ಎಲ್ಲರಿಗೂ ಸಲ್ಲುವ ಒಬ್ಬ ಪೂರ್ವಿಕನನ್ನು. ಕಂಠೀರವ ನರಸರಾಜನೆಂದರೆ ಮೈಸೂರಿನವನು, ಚೆನ್ನಮ್ಮ ಕಿತ್ತೂರಿನವಳು, ಕೃಷ್ಣದೇವರಾಯನಲ್ಲಿ ತೆಲುಗರಿಗೆ ನಮ್ಮಷ್ಟೇ ಪಾಲುಂಟು. ಕದಂಬರಾದರೋ ಬಹು ಹಿಂದಿನವರು, ಯಾವ ಪ್ರಾಂತದವರೂ ತಮ್ಮೊಬ್ಬರ ಆಸ್ತಿಯೆಂದು ಹಕ್ಕು ಹೂಡದಷ್ಟು ಹಿಂದಿನವರು. ಬನವಾಸಿಯೂ ಮಲೆನಾಡು ಬಯಲುಸೀಮೆಗಳ ನಡುವೆ, ಹಳೆಯ ಮುಂಬಯಿ ಕರ್ನಾಟಕ ಮೈಸೂರುಗಳ ಗಡಿಯ ಬಳಿ ಕುಳಿತಿದೆ. ಹೊಸ ಹೆಸರು ಬಂದ ಎರಡೇ ವರ್ಷಕ್ಕೆ ತೆರೆಗೆ ಬಂದ ಮಯೂರ ಒಂದು ಹೊಸ ರಾಜ್ಯವನ್ನು ಕಟ್ಟಿದವನಾಗಿ ಕಂಡರೆ ಸಾಲದು. ಮೊದಲೇ ನಮ್ಮದಾಗಿದ್ದುದನ್ನು ಮರಳಿ ಪಡೆದವನಾಗಿ ಕಾಣಬೇಕಾಗಿತ್ತು. ಏಕೀಕರಣದ ಮಾತೂ ಅದೇ ಧಾಟಿಯದಲ್ಲವೆ? ಹರಿದುಹೋದುದನ್ನು ಕೂಡಿಸಿಕೊಂಡೆವು ಎನ್ನುತ್ತೇವೆಯೇ ಹೊರತು ಹೊಸದೊಂದನ್ನು ಮಾಡಿದೆವೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಕಾರಣವನ್ನು ಹೇಳಲು ಕೊಂಚ ಸಂಕೋಚ, ಆದರೂ ಹೇಳಬೇಕು. ಕಲ್ಲಿನ ಮೇಲಿನ ಮಯೂರನ ಕೋಪ ಬ್ರಾಹ್ಮಣ್ಯದ ಕೋಪ. ವೇದ ಓದಿದವನನ್ನು ಕುದುರೆಯವನು ಅಲಕ್ಷ್ಯ ಮಾಡಿದನಲ್ಲ ಎಂಬ ಉರಿ ಅದು. ಆ ಸಾಲುಗಳನ್ನು ಇದ್ದಹಾಗೆಯೇ 1975ರ ತೆರೆಯ ಮೇಲೆ ಆಡಿಸಿದ್ದರೆ ಏನಾಗುತ್ತಿತ್ತು? ದೇವರಾಜ ಅರಸರು ಮುಖ್ಯಮಂತ್ರಿಗಳು. ಉಳುವವನಿಗೆ ಹೊಲ ಕೊಡುವ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿದೆ. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರರ ಆಯೋಗ ಕೆಲಸ ನಡೆಸುತ್ತಿದ್ದು 1975ರಲ್ಲೇ ವರದಿಯನ್ನು ಒಪ್ಪಿಸುತ್ತದೆ. ಹಳ್ಳಿಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ನೋಡುವ ಜನಕ್ಕೆ ಆ ಪುರಾತನ ಉರಿ ತಮ್ಮದೆನಿಸುತ್ತಿರಲಿಲ್ಲ. ಚಿತ್ರದವರು ಆಯೋಗದ ವರದಿಗಳನ್ನು ಲೆಕ್ಕಹಾಕಿ ಕಥೆ ಬರೆದರೆಂದು ನಾನು ಹೇಳುವುದಿಲ್ಲ. ಪ್ರೇಕ್ಷಕನ ಎದೆ ಎಲ್ಲಿ ಮಿಡಿಯುತ್ತದೆಂಬುದನ್ನು ಅವರು ಬಲ್ಲರು, ಅಷ್ಟೆ. ರಾಜಕುಮಾರನೆಂದು ಮಾಡಿದ ಕೂಡಲೆ ಮಯೂರ ಒಂದು ಜಾತಿಯ ಅಭಿಮಾನದಿಂದ ಬಿಡಿಸಿಕೊಂಡು ಎಲ್ಲರವನಾದ. ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದು, ಹೆಚ್ಚಿನ ಶಾಲೆಯ ಓದಿಲ್ಲದೆ ನಾಡಿನ ಕಣ್ಮಣಿಯಾದ ನಟ ಆ ಪಾತ್ರವನ್ನು ಧರಿಸಿದಾಗ ಅದಕ್ಕೆ ಇನ್ನೊಂದು ಬಲ ಬಂತು. ಗೋಕಾಕ್ ವರದಿಗಾಗಿ 1982ರಲ್ಲಿ ಚಳವಳಿ ನಡೆದಾಗ ಜನ ಅವರ ಹಿಂದೆ ಹೊರಟುದು ನಟನೊಬ್ಬನ ಹಿಂದೆ ಮಾತ್ರವಲ್ಲ. ಕಂಠೀರವ, ಪುಲಿಕೇಶಿ, ಮಯೂರರೆಲ್ಲ ಆ ಮೆರವಣಿಗೆಯಲ್ಲಿದ್ದರು.

ಹೀಗೆ ಲಾಭವಾದುದು ಉಂಟು. ನಷ್ಟವೂ ಸಣ್ಣದಲ್ಲ. ಅರಸೊತ್ತಿಗೆಯ ಕಾಲದ ಆಸ್ಥಾನಕವಿ, ಈ ಮನೆತನ ಹುಟ್ಟಿದ್ದು ಬೇಡಿ ಉಣ್ಣುವ ಒಬ್ಬ ವಿದ್ಯಾರ್ಥಿಯಿಂದ ಎಂದು ನಾಚಿಕೆಯಿಲ್ಲದೆ ಕಲ್ಲಿನಲ್ಲಿ ಬರೆದ. ಪ್ರಜೆಗಳೇ ಪ್ರಭುಗಳೆಂದು ಸಂವಿಧಾನ ಬರೆದುಕೊಂಡ ನಾವು, ರಾಜರಕ್ತವಿಲ್ಲದವನು ರಾಜ್ಯ ಕಟ್ಟಿದನೆಂದರೆ ನಂಬಲಾರದೆ, ಅವನಿಗೆ ರಾಜರಕ್ತವನ್ನು ಹುಡುಕಿ ಕೊಟ್ಟೆವು. ಜಾತಿಯ ಅಭಿಮಾನವನ್ನು ಹೊರಗೆ ಹಾಕಲು ಹೋಗಿ ಹುಟ್ಟಿನ ಅಭಿಮಾನವನ್ನು ಹಿಂಬಾಗಿಲಿನಿಂದ ಕರೆದುಕೊಂಡೆವು. ಕಂಚಿಯ ಬೀದಿಯಲ್ಲಿ ಅವಮಾನಿತನಾಗಿ, ಕೈಯಲ್ಲಿ ದರ್ಭೆ ಬಿಟ್ಟು ಬೇರೇನೂ ಇಲ್ಲದೆ ನಿಂತ ಹುಡುಗ, ನಾಳೆ ಏನು ಮಾಡುವೆನೆಂದು ತನಗೇ ತಿಳಿಯದ ಹುಡುಗ—ಅವನ ಸಾಹಸವೇ ನಿಜವಾದ ಸಾಹಸ. ರಾಜಕುಮಾರನಿಗೆ ಸಿಂಹಾಸನ ಕಾದಿರುತ್ತದೆ. ಮಯೂರಶರ್ಮನಿಗೆ ಏನೂ ಕಾದಿರಲಿಲ್ಲ.

ಪಲ್ಲವರ ಮಾತನ್ನೂ ಸ್ವಲ್ಪ ಹೇಳಬೇಕು. ಇವರು ನಮ್ಮ ಚಿತ್ರದಲ್ಲಿ ನಾಡನ್ನು ನುಂಗಿದ ಪರಕೀಯರು. ಗಡಿಯ ಆಚೆ ಹೋದರೆ ದೃಶ್ಯ ತಿರುಗುಮುರುಗು. 1940ರ ದಶಕದಲ್ಲಿ ‘ಕಲ್ಕಿ’ಯವರು ಬರೆದ ‘ಶಿವಕಾಮಿಯಿನ್ ಶಪಥಂ’ ಎಂಬ ತಮಿಳು ಕಾದಂಬರಿಯಲ್ಲಿ ಪಲ್ಲವ ನರಸಿಂಹವರ್ಮ ನಾಯಕ. ನಮ್ಮ ಇಮ್ಮಡಿ ಪುಲಿಕೇಶಿ ಕಂಚಿಯ ಮೇಲೆ ಏರಿಬರುವ ಶತ್ರು. ಒಬ್ಬನೇ ಅರಸ ಒಂದು ಊರಿನ ಚಿತ್ರಮಂದಿರದಲ್ಲಿ ಹೂಮಳೆ ಪಡೆದು, ಇನ್ನೊಂದು ಊರಿನ ವಾರಪತ್ರಿಕೆಯಲ್ಲಿ ಶಾಪ ತಿನ್ನುತ್ತಾನೆ. ನಾಲ್ಕನೆಯ ಶತಮಾನದ ಮಯೂರನಿಗೆ ಈ ಜಗಳ ತಿಳಿದಿರಲು ಸಾಧ್ಯವಿಲ್ಲ. ಅಂದಿನ ಪಲ್ಲವರು ಶಾಸನ ಬರೆಸುತ್ತಿದ್ದುದು ಪ್ರಾಕೃತ, ಸಂಸ್ಕೃತಗಳಲ್ಲಿ. ಕದಂಬರದೂ ಅದೇ ದಾರಿ. ಕನ್ನಡ ಶಾಸನವೆಂದು ನಾವು ಹೆಮ್ಮೆಪಡುವ ಹಲ್ಮಿಡಿಯ ಕಲ್ಲು ಕದಂಬರ ಕಾಲದ್ದೇ ಆದರೂ ಅದು ಐದನೆಯ ಶತಮಾನದ್ದು. ತಾಳಗುಂದದಲ್ಲೇ ಈಚೆಗೆ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಬರಹ ಅದಕ್ಕೂ ಹಿಂದಿನದೆಂಬ ವಾದವೂ ಬಂದಿದೆ. ಏನೇ ಇರಲಿ, ಮಯೂರ ಕಂಚಿಗೆ ಹೋದುದು ಪರದೇಶಕ್ಕಲ್ಲ, ದಕ್ಷಿಣದ ಅತ್ಯುತ್ತಮ ವಿದ್ಯಾಕೇಂದ್ರಕ್ಕೆ. ಹದಿನಾರು ಶತಮಾನಗಳ ಮೇಲೆ ನಮ್ಮ ಚಿತ್ರರಂಗವೂ ಹಾಗೆಯೇ ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ವಿದ್ಯೆ ಕಲಿತು, ಅಲ್ಲೇ ಉಂಡು ಮಲಗಿ, ಆಮೇಲೆ ಊರಿಗೆ ಬಂದು ರಾಜ್ಯ ಕಟ್ಟಿಕೊಂಡಿತು.

ಮತ್ತೆ ಆ ಊಳಿಗದ ಮಾತು. ಹೋರಾಡಿದವನು ಕೊನೆಗೆ ಒಪ್ಪಂದ ಮಾಡಿಕೊಂಡು ಪಲ್ಲವರ ಪರವಾಗಿ ಕಾದಿದನೆಂಬ ಭಾಗ ಜನಪ್ರಿಯವಾದ ಕಥನಗಳಲ್ಲಿ ಸಾಮಾನ್ಯವಾಗಿ ಮರೆಯಾಗಿಬಿಡುತ್ತದೆ. ನನಗೇನೋ ಅದು ಅವನ ಬುದ್ಧಿವಂತಿಕೆಯ ಶಿಖರವೆಂದೇ ತೋರುತ್ತದೆ. ಸಮುದ್ರಗುಪ್ತನ ದಂಡು ದಕ್ಷಿಣಕ್ಕೆ ಇಳಿದು ಕಂಚಿಯ ವಿಷ್ಣುಗೋಪನನ್ನು ಸೋಲಿಸಿದ ಸಂಗತಿ ಅಲಹಾಬಾದಿನ ಕಂಬದಲ್ಲಿದೆ. ಆ ಏಟಿನಿಂದ ಪಲ್ಲವರು ತತ್ತರಿಸಿದ ಸಮಯವನ್ನೇ ಮಯೂರ ಬಳಸಿಕೊಂಡನೆಂದು ಅನೇಕ ಇತಿಹಾಸಕಾರರ ಊಹೆ. ಸಮಯ ನೋಡಿ ಎದ್ದವನು, ಸಮಯ ನೋಡಿ ಕೈಜೋಡಿಸಿದ. ಬೀದಿಯ ಜಗಳದಲ್ಲಿ ಸಿಟ್ಟಾದ ಹುಡುಗ ಅಷ್ಟರಲ್ಲಿ ರಾಜಕಾರಣಿಯಾಗಿದ್ದ.

ಇಂದು ಅವನ ಹೆಸರು ಎಲ್ಲೆಲ್ಲಿಗೋ ಹಬ್ಬಿದೆ. ರಾಜ್ಯದ ಪ್ರವಾಸೋದ್ಯಮ ನಿಗಮದ ಹೋಟೆಲುಗಳು ‘ಮಯೂರ’, ಬನವಾಸಿಯಲ್ಲಿ ಕದಂಬೋತ್ಸವ, 2005ರಿಂದ ಕಾರವಾರದ ನೌಕಾನೆಲೆ ‘ಕದಂಬ’, ಗೋವೆಯ ಸರ್ಕಾರಿ ಬಸ್ಸುಗಳೂ ‘ಕದಂಬ’. ಇವೆಲ್ಲವೂ ಅವನ ವಂಶದ ಕೀರ್ತಿಯೇ. ಅವನದೆಂದೇ ಹೇಳಬಹುದಾದ ಒಂದು ಬರಹ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಕೆರೆಯ ಬಳಿ, ಭೈರವೇಶ್ವರನ ಗುಡಿಯ ಹತ್ತಿರದ ಬಂಡೆಯ ಮೇಲೆ ಪ್ರಾಕೃತದ ಮೂರು ಸಾಲುಗಳು, 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದುದು. ಗೆದ್ದ ಅರಸರ ಪಟ್ಟಿಯೊಂದನ್ನು ಕೃಷ್ಣ ಅವರು ಅಲ್ಲಿ ಓದಿದರು. ಆ ಭಾಗ ಬಹಳ ಸವೆದಿರುವುದರಿಂದ ಮುಂದಿನ ವಿದ್ವಾಂಸರು ಅದನ್ನು ಬೇರೆ ಬೇರೆಯಾಗಿ ಓದಿದ್ದಾರೆ. ಜಗಳವಿಲ್ಲದೆ ಎಲ್ಲರೂ ಒಪ್ಪುವ ಮಾತು ಇಷ್ಟೇ: ಈ ಕೆರೆಯನ್ನು ಮಾಡಿಸಿದವನು ಕದಂಬರ ಮಯೂರಶರ್ಮ. ಅಲ್ಲಿಯೂ ಅವನು ಶರ್ಮನೇ.